ಹೆಸರು ಸುಟ್ಟ ಗಿಡಗಳು

1913 ಜನವರಿ 16, ಗುರುವಾರ

ಕರಪತ್ರಗಳಲ್ಲಿ ಓದಿದ್ದನ್ನು ಇಳಿಸಿಕೊಳ್ಳಲು ಇಟ್ಟುಕೊಂಡ ಪುಸ್ತಕ ಇದು. ಹಿಂದಿನ ಪುಟದಲ್ಲಿ ‘ಸುಳ್ಳು ಮಾಲೀಕನ ಬಂಡವಾಳ, ಕಾರ್ಮಿಕನಿಗೆ ಅದರ ಅಗತ್ಯವಿಲ್ಲ’ ಎಂದು ಬರೆದು ಎರಡು ಅಡಿಗೆರೆ ಎಳೆದಿದ್ದೇನೆ. ಬರೆದದ್ದು ಕಳೆದ ಭಾನುವಾರ. ಬೆಂಕಿ ಬಿದ್ದದ್ದು ಸೋಮವಾರ ರಾತ್ರಿ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಾವು ಕೆಲಸ ಮಾಡುವ ಆರ್ಕಿಡ್ ತೋಟದ ಮೂರನೇ ಗಾಜಿನ ಮನೆ ಪೂರ್ತಿ ಹೋಯಿತು. ನಾಲ್ಕನೆಯದರಲ್ಲಿ ಗಾಜೆಲ್ಲ ಒಡೆದು, ಬೆಂಕಿ ಬಿಟ್ಟ ಗಿಡಗಳನ್ನು ಹಿಮ ಮುಗಿಸಿತು. ಉಳಿದ ಮನೆಗಳಿಗೆ ಏನೂ ಆಗಿಲ್ಲ. ಅಪ್ಪನ ಎರಡೂ ಕೈ ಮೊಣಕೈವರೆಗೆ ಸುಟ್ಟಿದೆ. ಕುಂಡಗಳನ್ನು ಹೊರಗೆ ತರಲು ಏಳು ಸಲ ಒಳಗೆ ಹೋದನಂತೆ. ಎಂಟನೇ ಸಲ ಮೇಸ್ತ್ರಿ ಪೊಲಿಡೋರ್ ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತನಂತೆ.

ಮಂಗಳವಾರ ಬೆಳಿಗ್ಗೆ ಯಜಮಾನ ತುಪ್ಪಳದ ಕೋಟು ಹಾಕಿಕೊಂಡು ಬಂದು ಫ್ರೆಂಚಿನಲ್ಲಿ ಕೇಳಿದ. ಗುಮಾಸ್ತ ನಮ್ಮ ಭಾಷೆಗೆ ತಿರುಗಿಸಿದ. ‘ಬಾಯ್ಲರ್ ಹತ್ತಿರ ನೀನೊಬ್ಬನೇ ಇದ್ದದ್ದು, ಸೆರಾಫೀನ್. ಏನಾಯ್ತು?’

ಅಪ್ಪ ಹೇಳಿದ, ‘ನಿದ್ದೆ ಹೋದೆ.’

ಇಪ್ಪತ್ತಾರು ಚಳಿಗಾಲ ಅಪ್ಪ ಆ ಬಾಯ್ಲರುಗಳಿಗೆ ಕಲ್ಲಿದ್ದಲು ಹಾಕಿದ್ದಾನೆ. ಒಂದು ರಾತ್ರಿಯೂ ಕಣ್ಣು ಮುಚ್ಚಿದವನಲ್ಲ. ಅಮ್ಮ ಸತ್ತ ದಿನವೂ ಹೋಗಿದ್ದ. ಇದು ಗೆಂಟ್ ಊರಿನ ತೋಟದವರಿಗೆಲ್ಲ ಗೊತ್ತು. ಆದರೂ ಎಲ್ಲರೂ ನಂಬಿದರು.

ಗಾಜಿನ ಮೇಲೆ ಹೊದಿಸುವ ಜೊಂಡಿನ ಚಾಪೆಗಳು ಸೋಮವಾರ ನೆನೆದು ಹೆಪ್ಪುಗಟ್ಟಿ ಹಲಗೆಯ ಹಾಗಾಗಿದ್ದವು. ಬಿಡಿಸಲು ಬರುತ್ತಿರಲಿಲ್ಲ. ಅಪ್ಪನಿಗೆ ಕಾಫಿ ಡಬ್ಬಿ ಕೊಡಲು ಹೋದ ನಾನು ಆರು ಚಾಪೆಗಳನ್ನು ಬಾಯ್ಲರ್ ಕೋಣೆಯ ಹೊಗೆಕೊಳವೆಗೆ ಒರಗಿಸಿದೆ. ಕರಗಲಿ ಅಂತ. ಅಪ್ಪ ಆಗ ಹೊರಗೆ ಕಲ್ಲಿದ್ದಲು ತುಂಬುತ್ತಿದ್ದ. ‘ಒರಗಿಸಿದ್ದೀನಿ ಅಪ್ಪಾ, ತೆಗಿ’ ಎಂದು ಕೂಗಿ, ಸಂಘದ ಸಭೆಗೆ ತಡವಾಯಿತೆಂದು ಓಡಿದೆ. ಗಾಳಿ ಇತ್ತು. ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಬೆಂಕಿ ಶುರುವಾದದ್ದು ಆ ಚಾಪೆಗಳಿಂದ. ಇದು ನನಗೆ ಗೊತ್ತು, ಅಪ್ಪನಿಗೆ ಗೊತ್ತು. ನಾವಿಬ್ಬರೂ ಅದರ ಮಾತೆತ್ತಿಲ್ಲ.

ಬರೆದಾಯಿತು. ಕೈ ತಣ್ಣಗಿದೆ. ಬೇರೇನೂ ಇಲ್ಲ.

ಜನವರಿ 20, ಸೋಮವಾರ

ಅಪ್ಪನನ್ನು ಕೆಲಸದಿಂದ ತೆಗೆದರು. ಎಲೆ ತೊಳೆಯುವ ಹೆಂಗಸರು ಬೇಕೇ ಬೇಕಾದ್ದರಿಂದ ನನ್ನನ್ನು ಇಟ್ಟುಕೊಂಡಿದ್ದಾರೆ. ನಾನು ಹೋಗುವುದು ಒಂದೇ ಕಾರಣಕ್ಕೆ. ಒಬ್ಬ ಮನುಷ್ಯನಿಂದ ರಾತ್ರಿಯಿಡೀ ಒಂಟಿಯಾಗಿ ಐದು ಬಾಯ್ಲರ್ ಕಾಯಿಸುವ ಈ ವ್ಯವಸ್ಥೆಯ ಬಗ್ಗೆ ಕರಪತ್ರ ಬರೆಯಬೇಕು. ಒಳಗಿದ್ದರೆ ವಿವರ ಸಿಗುತ್ತದೆ. ಆರ್ಕಿಡ್ ಎಂದರೆ ಏನು? ನಾರಿನ ಗಿರಣಿಯ ಮಕ್ಕಳು ಕೆಮ್ಮುವ ಊರಿನಲ್ಲಿ, ಬ್ಯಾರನ್‌ಗಳ ಕೋಟಿನ ಗುಂಡಿಗೆ ಸಿಕ್ಕಿಸಲು ಬೆಚ್ಚಗೆ ಸಾಕುವ ಕಳೆ.

ಇವತ್ತು ಮಸಿ ತೊಳೆದೆವು. ಮೆದು ಸೋಪಿನ ನೀರು, ಸ್ಪಂಜು, ಒಂದೊಂದೇ ಎಲೆ, ಮೇಲೆ ಒಮ್ಮೆ, ಕೆಳಗೆ ಒಮ್ಮೆ. ನನ್ನ ಪಕ್ಕ ಎಮೆರಾನ್ಸ್. ಅವಳಿಗೆ ನಲವತ್ತು ವರ್ಷ, ಆರು ಮಕ್ಕಳು, ಬಾಯಿ ನಿಲ್ಲುವುದಿಲ್ಲ.

‘ನನ್ನ ಮಕ್ಕಳ ಕಿವಿ ಯಾವತ್ತಾದ್ರೂ ಇಷ್ಟು ಚೆನ್ನಾಗಿ ತೊಳೆದಿದ್ದೀನಾ ಕೇಳು,’ ಅಂದಳು.

ಮೇಜಿನ ಕೊನೆಯಲ್ಲಿ ಸುಟ್ಟು ಮುರುಟಿದ ಗಿಡವೊಂದಿತ್ತು. ಎಮೆರಾನ್ಸ್ ಮರುಕದಿಂದ ಅದಕ್ಕೆ ಒಂದು ಲೋಟ ನೀರು ಹಾಕಿದಳು. ಪೊಲಿಡೋರ್ ಆ ತುದಿಯಿಂದ ಓಡಿ ಬಂದ.

‘ಏಯ್! ಕೊಲ್ತಾ ಇದ್ದೀಯಲ್ಲೇ! ಸುಟ್ಟ ಗಾಯಕ್ಕೆ ನೀರು ಹಾಕಿದ್ರೆ ಕೊಳೆಯುತ್ತೆ. ಒಣಗ್ಲಿ ಬಿಡು. ಬಾಯಾರಿ ಸಾಯೋ ಹಾಗೆ ಕಂಡ್ರೂ ಬಿಡು.’

‘ಎಂಥ ಕಲ್ಲು ಮನಸ್ಸು ನಿಂದು ಮೇಸ್ತ್ರೀ.’

‘ಹೂಂ, ಕಲ್ಲೇ. ನಿನ್ನ ಕರುಣೆ ಮನೇಲಿಟ್ಟು ಬಾ.’

ಟಿಪ್ಪಣಿ: ಮಸಿ ತೊಳೆಯುವ ಕೆಲಸಕ್ಕೆ ಕೈಗವಸು ಕೊಟ್ಟಿಲ್ಲ. ಬೆರಳು ಒಡೆದಿದೆ.

ಜನವರಿ 27

ಕತ್ತರಿಸುವ ಕೆಲಸ. ಎಲೆಯನ್ನು ಹಸಿರು ಸಿಗುವವರೆಗೆ ಕತ್ತರಿಸಬೇಕು. ಹಸಿರು ಸಿಗದಿದ್ದರೆ ಗೆಡ್ಡೆಗೆ ಬರಬೇಕು. ಗೆಡ್ಡೆಯೂ ಒಳಗೆ ಕಂದಾಗಿದ್ದರೆ ಅದರ ಹಿಂದಿನದು, ಅದರ ಹಿಂದಿನದು. ಈ ಗಿಡಗಳು ವರ್ಷಕ್ಕೊಂದು ಗೆಡ್ಡೆ ಮುಂದಕ್ಕೆ ಇಡುತ್ತಾ ಹೋಗುತ್ತವೆ. ಹಿಂದೆ ಉಳಿದವು ಎಲೆ ಉದುರಿ, ಸುಕ್ಕುಗಟ್ಟಿ ಸುಮ್ಮನಿರುತ್ತವೆ. ತೋಟದವರು ಅವನ್ನು ಅಜ್ಜಿಯರು ಎನ್ನುತ್ತಾರೆ. ಬೇರೆ ವರ್ಷಗಳಲ್ಲಿ ಕಸಕ್ಕೆ ಎಸೆಯುತ್ತಿದ್ದೆವು.

‘ಬುಡದಲ್ಲಿ ನೋಡು,’ ಅಂದ ಪೊಲಿಡೋರ್. ‘ಇಲ್ಲೊಂದು ಮುಚ್ಚಿದ ಕಣ್ಣು. ಮುಂದಿನೋಳು ಬದುಕಿರೋವರೆಗೂ ಇದು ಏಳಲ್ಲ. ಮುಂದಿನೋಳು ಸತ್ಲು ಅಂತ ಗೊತ್ತಾದ್ರೆ, ಮನಸ್ಸು ಬಂದ್ರೆ, ಏಳಬಹುದು.’

‘ಎಷ್ಟು ದಿನಕ್ಕೆ?’

‘ಅದನ್ನ ಅಜ್ಜಿನೇ ಕೇಳು.’

ಕತ್ತರಿಸಿದ ಬಾಯಿಗೆ ಇದ್ದಿಲ ಪುಡಿ ಹಚ್ಚಿ, ಮರದ ತಟ್ಟೆಯಲ್ಲಿ ಹಿಂಡಿದ ಪಾಚಿಯ ಮೇಲೆ ಸಾಲಾಗಿ ಇಟ್ಟೆವು. ಹೂಳುವುದಿಲ್ಲ, ಮೇಲೆ ಮಲಗಿಸುತ್ತೇವೆ. ಒಂದು ತಟ್ಟೆಗೆ ಇಪ್ಪತ್ತು. ಇವತ್ತು ನನ್ನ ಪಾಲಿಗೆ ನಾಲ್ಕು ತಟ್ಟೆ.

ಕರಪತ್ರಕ್ಕೆ ಏನೂ ಬರೆದುಕೊಳ್ಳಲಿಲ್ಲ.

ಫೆಬ್ರವರಿ 2, ಭಾನುವಾರ

ಮೇಣದ ಬತ್ತಿ ಹಬ್ಬ. ಹಿಟ್ಟು ಕಲಸಿ ಹಬ್ಬದ ಸಿಹಿ ದೋಸೆ ಸುಟ್ಟೆ. ಅಪ್ಪನ ಕೈಗಳು ಬಟ್ಟೆಯ ಉಂಡೆಗಳು. ತುಂಡು ಮಾಡಿ ಬಾಯಿಗಿಟ್ಟೆ.

‘ಸಕ್ಕರೆ ಜಾಸ್ತಿ ಆಯ್ತು,’ ಅಂದ.

‘ಸರಿ.’

ನಾಲ್ಕು ದೋಸೆ ತಿಂದ. ಅಷ್ಟೇ ಮಾತು.

ಫೆಬ್ರವರಿ 11, ಮಂಗಳವಾರ

ಯಜಮಾನ ತೋಟದಲ್ಲಿ ಅರ್ಧ ಗಂಟೆ ಕೂಗಾಡಿದ. ಫ್ರೆಂಚ್ ನಾನು ಕಲಿತಿಲ್ಲ. ಬೇಕೆಂದೇ ಕಲಿತಿಲ್ಲ. ಆದರೆ ಕೂಗಿದ್ದು ಯಾಕೆಂದು ಎಲ್ಲರಿಗೂ ಗೊತ್ತಾಯಿತು. ಕುಂಡಗಳಿಗೆ ಸಿಕ್ಕಿಸಿದ್ದ ಮರದ ಹೆಸರುಚೀಟಿಗಳೆಲ್ಲ ಸುಟ್ಟಿವೆ. ಯಾವ ಗೆಡ್ಡೆ ಯಾವುದರದ್ದು? ಹೆಸರಿಲ್ಲದ ಆರ್ಕಿಡನ್ನು ಯಾರೂ ಮುಟ್ಟುವುದಿಲ್ಲವಂತೆ. ಆಫೀಸಿನ ದಪ್ಪ ಪುಸ್ತಕದಲ್ಲಿ ಲ್ಯಾಟಿನ್ ಹೆಸರು, ಇಟ್ಟ ಸಾಲು, ಜಾಗ ಎಲ್ಲ ಇವೆ. ಆದರೆ ಬೆಂಕಿಯಲ್ಲಿ ಸಾಲೂ ಹೋಯಿತು, ಜಾಗವೂ ಹೋಯಿತು. ಹೂವಿದ್ದರೆ ಯಾರಾದರೂ ಹೇಳುತ್ತಾರೆ. ಸುಕ್ಕುಗಟ್ಟಿದ ಗೆಡ್ಡೆ ನೋಡಿ ಯಾರು ಹೇಳುತ್ತಾರೆ?

ಸಂಜೆ ಪೊಲಿಡೋರ್ ಒಂದು ಬುಟ್ಟಿಯಲ್ಲಿ ಮೂವತ್ತು ಗೆಡ್ಡೆಗಳನ್ನು ಒದ್ದೆ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟ. ಒಂದೊಂದಕ್ಕೂ ದಾರದಲ್ಲಿ ಒಂದು ಸಂಖ್ಯೆ.

‘ನಿಮ್ಮಪ್ಪನಿಗೆ ತೋರ್ಸು. ಇಪ್ಪತ್ತಾರು ವರ್ಷ ರಾತ್ರಿ ಹೊತ್ತು ಇವುಗಳ ಮಧ್ಯೆ ಲಾಟೀನು ಹಿಡ್ಕೊಂಡು ಓಡಾಡಿದ್ದಾನೆ. ಯಜಮಾನ್ರಿಗೆ ಹೇಳಬೇಡ.’

‘ತೆಗೆದುಹಾಕಿದ ಮನುಷ್ಯನ ಹತ್ರ ಪುಕ್ಕಟೆ ಕೆಲಸ ಮಾಡ್ಸೋದಾ ಮೇಸ್ತ್ರಿ?’

‘ಹೌದು ಕಣೇ. ನಿನ್ನ ಪುಸ್ತಕದಲ್ಲಿ ಅದಕ್ಕೊಂದು ಹೆಸರಿದ್ರೆ ಆಮೇಲೆ ಹೇಳು. ಈಗ ಬುಟ್ಟಿ ತಗೊಂಡು ಹೋಗು, ಹಿಮ ಬೀಳ್ತಿದೆ.’

ಫೆಬ್ರವರಿ 12

ಅಪ್ಪ ಕಿಟಕಿ ಹತ್ತಿರ ಕೂತ. ನಾನು ಒಂದೊಂದನ್ನೇ ಅವನ ಮುಖದ ಮುಂದೆ ಹಿಡಿದೆ. ಹಿಡಿದು ತಿರುಗಿಸಿದೆ. ಕೆಲವನ್ನು ಮೂಸಿದ. ಒಂದನ್ನು ಕೆನ್ನೆಗೆ ಒತ್ತು ಅಂದ. ಒತ್ತಿದೆ.

‘ಪಾದ್ರಿ ಹೊಟ್ಟೆ. ಮೂರನೇ ಮನೆ, ಎರಡನೇ ಮೆಟ್ಟಲು, ಪೈಪಿನ ತಿರುವು.’

‘ಹಲ್ಲಿಲ್ಲದೋಳು. ಬಾಗಿಲ ಎಡಗಡೆ. ಗಾಳಿ ತಾಗ್ತಿತ್ತು ಪಾಪ.’

‘ಇದು ಕುಂಟ ಸಿಪಾಯಿ. ಅಲ್ಲ ಅಲ್ಲ, ತಿರುಗ್ಸು. ಕುಂಟ ಸಿಪಾಯಿಯ ತಂಗಿ.’

ಅಪ್ಪನಿಗೆ ಓದು ಬರಹ ಬರುವುದಿಲ್ಲ. ಲ್ಯಾಟಿನ್ ಹೆಸರು ಒಂದೂ ಗೊತ್ತಿಲ್ಲ. ಇವೆಲ್ಲ ಅವನೇ ಇಟ್ಟ ಹೆಸರುಗಳು. ಆದರೆ ಜಾಗ ಹೇಳುತ್ತಾನಲ್ಲ, ಜಾಗದಿಂದ ಪುಸ್ತಕದಲ್ಲಿ ಲ್ಯಾಟಿನ್ ಸಿಗುತ್ತದೆ. ಮೂವತ್ತಕ್ಕೆ ಮೂವತ್ತೂ ಹೇಳಿದ. ನಾನು ಬರೆದುಕೊಂಡೆ. ಬೆಂಕಿ ಬಿದ್ದ ಮೇಲೆ ಅವನು ಇಷ್ಟು ಮಾತಾಡಿದ್ದು ಇವತ್ತೇ.

ಮೂವತ್ತು ಮುಗಿದ ಮೇಲೆ ಚಾಪೆಯ ವಿಷಯ ನಾನು ಹೇಳಬಹುದಿತ್ತು. ಬುಟ್ಟಿಯ ಬಟ್ಟೆ ಮಡಚಿದೆ.

ಫೆಬ್ರವರಿ 23, ಭಾನುವಾರ

ಜನತಾಮಂದಿರದಲ್ಲಿ ಸಭೆ. ಏಪ್ರಿಲಿನಲ್ಲಿ ದೇಶದಾದ್ಯಂತ ಮುಷ್ಕರ. ಒಬ್ಬ ಗಂಡಸಿಗೆ ಒಂದು ಓಟು, ಅಷ್ಟೇ ಬೇಡಿಕೆ. ಈಗ ಯಜಮಾನನಿಗೆ ಮೂರು ಓಟು, ಅಪ್ಪನಿಗೆ ಒಂದು. ಕೇಳಿಸಿಕೊಂಡೆ. ಹಿಂದೆಲ್ಲ ಇಂಥ ಸಭೆಯಲ್ಲಿ ನನ್ನ ಕಿವಿ ಬಿಸಿಯಾಗುತ್ತಿತ್ತು. ಇವತ್ತು ಹೀಟರ್ ಪೈಪು ಸರಿಯಾಗಿ ಬಿಸಿಯಾಗಿಲ್ಲ, ಕೀಲಿನ ಹತ್ತಿರ ಸೋರುತ್ತಿದೆ ಎಂದು ನೋಡುತ್ತಾ ಕೂತಿದ್ದೆ.

ಓದಿಲೋನ್ ನನ್ನನ್ನು ಮೆಟ್ಟಲ ಬಳಿ ನಿಲ್ಲಿಸಿದ. ನಮ್ಮ ಯುವಕರ ಸಂಘದ ಕಾರ್ಯದರ್ಶಿ, ಅಚ್ಚುಕೂಟದಲ್ಲಿ ಕೆಲಸ, ಬೆರಳುಗಳಲ್ಲಿ ಯಾವಾಗಲೂ ಶಾಯಿ. ನನಗೆ ಮೊದಲ ಕರಪತ್ರ ಕೊಟ್ಟವನು ಅವನೇ.

‘ಸಂಗಾತಿ ಸಿದೋನಿ, ನಿನ್ನ ಅಪ್ಪನ ವಿಷಯ ನಾವು ಬಿಡಬಾರದು. ಹದಿನೆಂಟು ರಾತ್ರಿ ಸತತ ಕೆಲಸ. ಹದಿನೆಂಟನೇ ರಾತ್ರಿ ನಿದ್ದೆ. ಯಾರ ತಪ್ಪು? ಇದಕ್ಕಿಂತ ಒಳ್ಳೇ ಉದಾಹರಣೆ ಎಲ್ಲಿ ಸಿಗುತ್ತೆ?’

‘ಅವನು ಹತ್ತೊಂಬತ್ತು ರಾತ್ರಿ ಮಾಡಿದ್ದ,’ ಅಂದೆ.

‘ಇನ್ನೂ ಒಳ್ಳೇದಾಯ್ತು! ನೀನೇ ಬರಿ. ಬರೆಯೋಕೆ ಆಗಲ್ಲ ಅಂದ್ರೆ ನಾನು ಬರೀತೀನಿ. ಮುಷ್ಕರದ ಹಿಂದಿನ ದಿನ ತೋಟದವರ ಸಭೇಲಿ ನೀನು ಮಾತಾಡು.’

ಹತ್ತೊಂಬತ್ತು ರಾತ್ರಿ ನಿಜ. ಯಜಮಾನ ಇನ್ನೊಬ್ಬನನ್ನು ಇಡದದ್ದು ನಿಜ. ನಿದ್ದೆ ಮಾತ್ರ ಸುಳ್ಳು. ಅದನ್ನು ಹೇಳಲು ಬಾಯಿ ತೆರೆದೆ. ‘ನೋಡ್ತೀನಿ’ ಎಂಬ ಮಾತು ಬಂತು.

ಮಾರ್ಚ್ 4

ಆರನೇ ತಟ್ಟೆಯಲ್ಲಿ ಮೂರು ಅಜ್ಜಿಯರು ಕೊಳೆತರು. ಎತ್ತಿ ಎಸೆದೆ. ಉಳಿದವರಿಗೆ ಗಂಧಕ ಸವರಿದೆ.

ಮಾರ್ಚ್ 13, ಗುರುವಾರ

ಬಾಯ್ಲರ್ ಕೋಣೆಯ ಅವಶೇಷ ಸಾಗಿಸಿದೆವು. ಬೂದಿಯೊಳಗೆ ಆ ಹಳೇ ತಗಡು ಸಿಕ್ಕಿತು. ಗೋಡೆಯ ಮೇಲಿತ್ತು, ಬಿಳಿ ಬಣ್ಣದ ತಗಡು, ನೀಲಿ ಅಕ್ಷರ, ಫ್ರೆಂಚಿನಲ್ಲಿ ಎರಡು ಸಾಲು. ಅದರ ಮೊಳೆಗೆ ನಾನು ಐದು ವರ್ಷದಿಂದ ಕೋಟು ನೇತುಹಾಕುತ್ತಿದ್ದೆ. ಅದು ಬಾಯ್ಲರ್ ಕಂಪನಿಯ ಹೆಸರು ಅಂತ ನಾವೆಲ್ಲ ತಿಳಿದಿದ್ದೆವು.

ಗುಮಾಸ್ತ ಹಾದು ಹೋಗುತ್ತಿದ್ದ. ಕೇಳಿದೆ.

ಅವನು ಕನ್ನಡಕ ಮೇಲೆತ್ತಿ ಓದಿದ. ‘ಹೊಗೆಕೊಳವೆಗೆ ಚಾಪೆ, ಹುಲ್ಲು ಅಥವಾ ಬಟ್ಟೆ ಒರಗಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’

‘ನಮಗ್ಯಾಕೆ ಹೇಳಲಿಲ್ಲ?’ ಅಂದೆ.

‘ಹೇಳಿದ್ದಾರಲ್ಲ, ಇಲ್ಲೇ ಬರೆದಿದೆ,’ ಅಂದು ಹೋದ.

ಪೊಲಿಡೋರ್ ತಗಡನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದ, ಅಕ್ಷರ ಬರುವವನ ಹಾಗೆ. ‘ಚಾಪೆ ಒರಗಿಸೋದು ನಿಮ್ಮಪ್ಪನಿಗೆ ಕಲಿಸಿದ್ದು ನಾನು,’ ಅಂದ. ‘ನನಗೆ ಕಲಿಸಿದ್ದು ನಮ್ಮ ದೊಡ್ಡಪ್ಪ. ಎಲ್ಲಾ ತೋಟದಲ್ಲೂ ಹಾಗೇ. ಅಂಗೈ ಅಗಲ ಸಂದು ಬಿಟ್ಟು ನಿಲ್ಸು, ಕಾಲು ಗಂಟೆಗೆ ತೆಗಿ, ಅಂತ.’

ನಾನು ಸಂದು ಬಿಟ್ಟಿರಲಿಲ್ಲ. ಅವಸರದಲ್ಲಿದ್ದೆ.

ಇದು ಕರಪತ್ರಕ್ಕೆ ಬೇಕಾದ ವಿಷಯ. ಇಂಥದ್ದೊಂದಕ್ಕಾಗಿಯೇ ನಾನು ಒಳಗೆ ಉಳಿದದ್ದು. ಮಾಲೀಕನ ಭಾಷೆಯಲ್ಲಿ ಎಚ್ಚರಿಕೆ, ಕೂಲಿಯ ಕೈಯಲ್ಲಿ ಬೆಂಕಿ. ವಾಕ್ಯ ತಾನಾಗಿ ಬರುತ್ತದೆ. ಇದರ ಮುಂದೆ ಏನೂ ಬರುತ್ತಿಲ್ಲ. ಮುಂದಿನ ವಾಕ್ಯ ‘ಆ ಕೈ ನನ್ನದು’ ಎಂದು ಇರಬೇಕು.

ಮಾರ್ಚ್ 24, ಈಸ್ಟರ್ ಸೋಮವಾರ

ರಜೆ. ಆದರೂ ಹೋಗಿದ್ದೆ, ಗಾಜಿನ ಮೇಲೆ ನೆರಳಿನ ಪಟ್ಟಿ ಇಳಿಸಬೇಕಿತ್ತು. ಬಿಸಿಲಿತ್ತು.

ಒಂಬತ್ತನೇ ತಟ್ಟೆ, ಎಡದಿಂದ ನಾಲ್ಕನೆಯದು. ಬುಡದಲ್ಲಿ ಅಕ್ಕಿಕಾಳಿನ ತುದಿಯಷ್ಟು ಹಸಿರು. ಉಗುರು ತಾಗಿಸಲಿಲ್ಲ. ಗಾಜು ಒರೆಸಿ ಮತ್ತೆ ನೋಡಿದೆ. ಹನ್ನೊಂದನೇ ತಟ್ಟೆಯಲ್ಲಿ ಎರಡು. ಎರಡನೇ ತಟ್ಟೆಯಲ್ಲಿ ಹಲ್ಲಿಲ್ಲದೋಳು, ಒಂದೇ ಸಲ ಎರಡು ಕಣ್ಣು, ಒಂದು ಬಲಕ್ಕೆ ಒಂದು ಎಡಕ್ಕೆ. ಒಟ್ಟು ಹದಿನೇಳು.

ಪೊಲಿಡೋರ್ ಮನೆಗೆ ಹೋಗಿ ಹೇಳಿದೆ. ಅವನು ಮೊಲದ ಮಾಂಸ ತಿನ್ನುತ್ತಿದ್ದ. ಕರವಸ್ತ್ರ ಕುತ್ತಿಗೆಯಲ್ಲೇ ಇತ್ತು, ಹಾಗೇ ಮರದ ಜೋಡು ಮೆಟ್ಟಿಕೊಂಡು ಬಂದ. ತಟ್ಟೆಗಳ ಮಧ್ಯೆ ಒಂದು ಸುತ್ತು ಹಾಕಿ ‘ಹೂಂ’ ಅಂದು ಮತ್ತೆ ಊಟಕ್ಕೆ ಹೋದ.

ಅಪ್ಪನಿಗೆ ಹೇಳಿದಾಗ, ‘ಹಲ್ಲಿಲ್ಲದೋಳಾ? ಎರಡಾ?’ ಅಂದ. ಆಮೇಲೆ, ‘ಆ ಜಾಗದಲ್ಲಿ ಗಾಳಿ ತಾಗುತ್ತಾ ನೋಡು.’

ನಾಲ್ಕನೆಯದರ ಪಕ್ಕದಲ್ಲಿ ಒಂದಕ್ಕೆ ತೇವ ಜಾಸ್ತಿಯಾಗಿತ್ತು. ಅದನ್ನು ಸರಿಸಿದೆ. ಹನ್ನೊಂದರಲ್ಲಿ ಪಾಚಿ ಸ್ವಲ್ಪ ಸಡಿಲ ಮಾಡಬೇಕು. ಹದಿಮೂರನೇ ತಟ್ಟೆಯನ್ನು ಪೈಪಿನಿಂದ ಒಂದು ಗೇಣು ದೂರ ಇಡಬೇಕು. ನಾಳೆ.

ಏಪ್ರಿಲ್ 3, ಗುರುವಾರ

ಓದಿಲೋನ್ ಮನೆಗೇ ಬಂದ. ಕರಪತ್ರ ಅಚ್ಚಾಗಿದೆ. ನಾನು ಬರೆಯಲಿಲ್ಲ, ಅವನೇ ಬರೆದಿದ್ದಾನೆ. ಹಳದಿ ಕಾಗದ, ಎಂಟು ಪುಟ. ಒಂದು ಪ್ರತಿ ಮೇಜಿನ ಮೇಲಿಟ್ಟು, ಅಪ್ಪನ ಭುಜ ತಟ್ಟಿ ಹೋದ.

‘ಓದು,’ ಅಂದ ಅಪ್ಪ.

‘ದೊಡ್ಡದಾಗಿದೆ ಅಪ್ಪ. ಇನ್ನೊಂದು ದಿನ ಓದ್ತೀನಿ.’

‘ನನ್ನ ಹೆಸರು ಇದೆಯಲ್ಲ ಅದರಲ್ಲಿ. ಓದು.’

ಓದಿದೆ. ಬ್ಯಾರನ್‌ಗಳು, ಕಲ್ಲಿದ್ದಲು, ಹತ್ತೊಂಬತ್ತು ರಾತ್ರಿ. ಅದೆಲ್ಲ ಸರಿಯಾಗಿತ್ತು. ಆರನೇ ಪುಟದಲ್ಲಿ ಹೀಗಿದೆ: ‘ಕೊನೆಗೆ ಈ ವೃದ್ಧ ಗುಲಾಮನ ರೆಪ್ಪೆಗಳು ಮುಚ್ಚಿದವು. ಸೆರಾಫೀನ್ ದೆ ಪೌ ನಿದ್ದೆ ಹೋದ.’

ಅಪ್ಪ ಕೈಯೆತ್ತಿದ. ಬಟ್ಟೆ ಬಿಚ್ಚಿ ಎರಡು ವಾರವಾಗಿದೆ. ಬೆರಳುಗಳು ಗುಲಾಬಿ ಬಣ್ಣ, ಮಡಚುವುದಿಲ್ಲ.

‘ಅದು ಅಚ್ಚಾಗಿರೋದಾ? ನೀನು ಓದ್ತಿರೋದು ಹಾಗೇ ಅಚ್ಚಾಗಿದೆಯಾ?’

‘ಹೂಂ.’

‘ಎಷ್ಟು?’

‘ಎರಡು ಸಾವಿರ ಪ್ರತಿ.’

‘ಇದನ್ನ ಯಾರೂ ಎಸೆಯಲ್ಲ ಅಲ್ವಾ? ನೀನು ಪೆಟ್ಟಿಗೇಲಿ ಇಟ್ಟಿದ್ದೀಯಲ್ಲ, ಹಾಗೆ ಎಲ್ಲರೂ ಇಟ್ಕೋತಾರೆ.’

‘ಇಟ್ಕೋತಾರೆ.’

‘ಮುದುಕ ಅಂತ ಬೇರೆ ಬರೆದಿದ್ದಾನೆ ನನ್ನನ್ನ,’ ಅಂದು ನಗಲು ನೋಡಿದ. ‘ಸರಿ. ಒಳ್ಳೇದಕ್ಕೇ ಬರೆದಿದ್ದಾನೆ ಹುಡುಗ.’

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಕೈಯಿಂದ ಹಿಡಿಯಲಾಗದೆ ಮೊಣಕಾಲಿನಿಂದ ತಳ್ಳಿ ತಿರುಗಿಸಿದ. ನಾನು ಉಳಿದ ಎರಡು ಪುಟ ಓದಲಿಲ್ಲ. ಅವನೂ ಕೇಳಲಿಲ್ಲ.

ಏಪ್ರಿಲ್ 9

ಮೂವತ್ತೊಂಬತ್ತು ಕಣ್ಣುಗಳು. ಕರಪತ್ರ ಎಲ್ಲ ಕಡೆ ಇದೆ. ಹೆರಿಂಗ್ ಮಾರುವವಳು ಮೀನು ಸುತ್ತಿಕೊಟ್ಟದ್ದೂ ಅದರಲ್ಲೇ.

ಏಪ್ರಿಲ್ 13, ಭಾನುವಾರ

ನಾಳೆಯಿಂದ ಮುಷ್ಕರ. ತೋಟದವರ ಸಭೆ ಹೋಟೆಲಿನ ಹಿಂದಿನ ದೊಡ್ಡ ಕೋಣೆಯಲ್ಲಿ. ಇನ್ನೂರು ಜನ. ಎಮೆರಾನ್ಸ್ ಬೆಂಚಿನ ಮೇಲೆ ಜಾಗ ಹಿಡಿದಿದ್ದಳು.

‘ಗಂಡಸರಿಗೆ ಓಟು ಬೇಕು ಅಂತ ಹೆಂಗಸರು ಸೌತೆಕಾಯಿ ಹಾಗೆ ಸಾಲಾಗಿ ಕೂತಿದ್ದೀವಿ ನೋಡು,’ ಅಂದಳು. ‘ನಮಗೆ ಯಾವಾಗಂತೆ?’

‘ಆಮೇಲಂತೆ,’ ಅಂದೆ.

‘ನನ್ನ ಗಂಡನೂ ಹಾಗೇ ಹೇಳ್ತಾನೆ. ಎಲ್ಲದಕ್ಕೂ.’

ಮೊದಲು ಬಾಯ್ಲರ್ ವಿಷಯ ಬಂತು. ಬೆಂಕಿ ಆರಿಸಿ ಗಿಡಗಳನ್ನು ಸಾಯಲು ಬಿಡಬೇಕೆಂದು ಕೆಲವರು. ಪೊಲಿಡೋರ್ ಎದ್ದು, ‘ಬಿಟ್ರೆ ಮುಷ್ಕರ ಮುಗಿದ ಮೇಲೆ ಯಾವ ಕೆಲಸಕ್ಕೆ ವಾಪಸ್ ಹೋಗ್ತೀರೋ? ಗಾಜು ಎಣಿಸೋಕಾ?’ ಅಂದ. ತೋಟಕ್ಕೆ ಇಬ್ಬರಂತೆ ಬಾಯ್ಲರ್ ಹತ್ತಿರ ಇರಬಹುದೆಂದು ಕೈಯೆತ್ತಿ ತೀರ್ಮಾನವಾಯಿತು. ನಾನೂ ಕೈಯೆತ್ತಿದೆ. ಆಮೇಲೆ ಓದಿಲೋನ್ ನನ್ನ ಹೆಸರು ಕರೆದ.

ಮೇಜಿನ ಹತ್ತಿರ ಹೋಗಿ ನಿಂತೆ. ಹೇಳಿದ್ದು ಇಷ್ಟು.

‘ನನ್ನಪ್ಪ ನಿದ್ದೆ ಹೋಗಲಿಲ್ಲ. ಚಾಪೆಗಳನ್ನ ಹೊಗೆಕೊಳವೆಗೆ ಒರಗಿಸಿದೋಳು ನಾನು. ಸಂದು ಬಿಡಲಿಲ್ಲ. ಇಂಥದೇ ಸಭೆಗೆ ಬರೋ ಅವಸರದಲ್ಲಿದ್ದೆ. ಒರಗಿಸಬಾರದು ಅಂತ ಗೋಡೆ ಮೇಲೆ ಬರೆದಿತ್ತು, ಫ್ರೆಂಚಿನಲ್ಲಿ. ನಮ್ಮಲ್ಲಿ ಒಬ್ಬರಿಗೂ ಓದೋಕೆ ಬರ್ತಿರಲಿಲ್ಲ. ನಿಮ್ಮ ತೋಟದಲ್ಲೂ ಅಂಥ ತಗಡು ಇರುತ್ತೆ. ಇವತ್ತೇ ಹೋಗಿ ಯಾರ ಹತ್ರಾದ್ರೂ ಓದಿಸ್ಕೊಳ್ಳಿ. ಕರಪತ್ರದಲ್ಲಿ ಆರನೇ ಪುಟ ತಪ್ಪು. ಉಳಿದದ್ದು ಸರಿ.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಯಾರೋ, ‘ನಮ್ಮಲ್ಲೂ ಇದೆ ಒಂದು, ಹಸಿರು ಬಣ್ಣದ್ದು’ ಅಂದರು. ಇನ್ನೊಬ್ಬ, ‘ನಾಯಿ ಇದೆ ಎಚ್ಚರಿಕೆ ಅಂತ ಅಂದ್ಕೊಂಡಿದ್ದೆ’ ಅಂದ. ಕೆಲವರು ನಕ್ಕರು.

ಓದಿಲೋನ್ ಬಾಗಿಲಲ್ಲಿ ನನ್ನ ತೋಳು ಹಿಡಿದ. ‘ಎರಡು ಸಾವಿರ ಪ್ರತಿ, ಸಿದೋನಿ! ನಾಳೆ ಅವರ ಪತ್ರಿಕೆ ಏನು ಬರೆಯುತ್ತೆ ಗೊತ್ತಾ? ಸಮಾಜವಾದಿಗಳೇ ಬೆಂಕಿ ಇಟ್ರು ಅಂತ! ಒಂದು ವಾರ ಸುಮ್ಮನಿರೋಕೆ ಆಗ್ತಿರಲಿಲ್ವಾ?’

‘ಮೂರು ತಿಂಗಳು ಸುಮ್ಮನಿದ್ದೆ,’ ಅಂದೆ.

ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯವಳು ಅಪ್ಪನಿಗೆ ತಲುಪಿಸಿಯಾಗಿತ್ತು.

‘ಇನ್ನೂರು ಜನ ಇದ್ರಂತೆ,’ ಅಂದ.

‘ಇದ್ರು.’

‘ನನ್ನನ್ನ ಒಂದು ಮಾತು ಕೇಳಬಹುದಿತ್ತು.’

ಅದು ನನಗೆ ಹೊಳೆದೇ ಇರಲಿಲ್ಲ. ಈ ಮೂರು ತಿಂಗಳಲ್ಲಿ ಒಮ್ಮೆಯೂ.

ಏಪ್ರಿಲ್ 16

ಯಜಮಾನ ನನ್ನನ್ನು ತೆಗೆದಿದ್ದಾನೆ. ಗೇಟಿನ ಒಳಗೆ ಕಾಲಿಟ್ಟರೆ ಪೊಲೀಸರಂತೆ. ಊರೆಲ್ಲ ಮುಷ್ಕರ, ಗಿರಣಿ ಚಿಮಣಿಗಳಲ್ಲಿ ಹೊಗೆಯಿಲ್ಲ, ಆಕಾಶ ಬೇರೆ ಯಾವುದೋ ಊರಿನದರ ಹಾಗಿದೆ. ಮೆರವಣಿಗೆಯಲ್ಲಿ ನಡೆದೆ. ಹಾಡಿದೆ.

ಹದಿಮೂರನೇ ತಟ್ಟೆಗೆ ಯಾರು ನೀರು ಚಿಮುಕಿಸುತ್ತಾರೆ ಗೊತ್ತಿಲ್ಲ.

ಏಪ್ರಿಲ್ 20

ಅಪ್ಪ ಮಾತಾಡುತ್ತಿಲ್ಲ.

ಏಪ್ರಿಲ್ 25, ಶುಕ್ರವಾರ

ಮುಷ್ಕರ ನಿನ್ನೆ ಮುಗಿಯಿತು. ಸರ್ಕಾರ ‘ಪರಿಶೀಲಿಸುತ್ತದೆ’. ಎಲ್ಲರೂ ಕೆಲಸಕ್ಕೆ ಹೋದರು. ಬೆಳಿಗ್ಗೆ ಮರದ ಜೋಡುಗಳ ಸದ್ದು ಬೀದಿಯಲ್ಲಿ ಹಾದು ಹೋಗುವುದನ್ನು ಹಾಸಿಗೆಯಲ್ಲಿ ಕೇಳಿದೆ.

ಸಂಜೆ ಪೊಲಿಡೋರ್ ಬಂದ. ಟೋಪಿ ತೆಗೆಯದೆ ಅಪ್ಪನ ಎದುರು ಕೂತ.

‘ನೂರ ಹನ್ನೆರಡು ಬದುಕಿವೆ ಸೆರಾಫೀನ್. ಎಲ್ಲಾ ಕುಂಡಕ್ಕೆ ಬಂದಿವೆ. ನಿನ್ನ ಬುಟ್ಟಿ ಲೆಕ್ಕದಲ್ಲಿ ಇಪ್ಪತ್ತಕ್ಕೆ ಹೆಸರಿದೆ, ಉಳಿದವಕ್ಕಿಲ್ಲ. ಹೆಸರು ಹೇಳ್ತಿದ್ದೋನು ಯಾರು ಅಂತ ಯಜಮಾನ್ರಿಗೆ ಹೇಳಿಬಿಟ್ಟೆ. ನೀನು ಬರಬಹುದಂತೆ.’

‘ಕ್ಷಮೆ ಕೇಳಿದ್ರಾ?’ ಅಂದೆ ನಾನು.

‘ಬರಬಹುದಂತೆ ಅಂದ್ರು. ಅವರ ಭಾಷೇಲಿ ಅದೇ ಇರಬಹುದು, ನನಗೇನು ಗೊತ್ತು?’

ಅಪ್ಪ ತನ್ನ ಕೈ ನೋಡಿಕೊಂಡ. ‘ನಾನು ಹೇಳ್ತೀನಿ. ಬರೆಯೋರು ಯಾರು?’

ತೋಟದಲ್ಲಿ ಬರೆಯಲು ಬರುವವರು ಗುಮಾಸ್ತ ಮತ್ತು ನಾನು. ಗುಮಾಸ್ತ ಮಣ್ಣು ಮುಟ್ಟುವುದಿಲ್ಲ. ಪೊಲಿಡೋರ್ ತಲೆ ಕೆರೆದುಕೊಂಡ. ಟೋಪಿಯ ಮೇಲಿನಿಂದಲೇ.

‘ಗೇಟಿನ ಒಳಗೆ ಅಂತ ತಾನೇ ಹೇಳಿದ್ದು ಅವರು,’ ಅಂದ.

ಏಪ್ರಿಲ್ 28, ಸೋಮವಾರ

ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ, ಎರಡು ಮೊಗಚಿದ ಪೆಟ್ಟಿಗೆ. ಒಂದರ ಮೇಲೆ ಅಪ್ಪ, ಇನ್ನೊಂದರ ಮೇಲೆ ನಾನು. ಮಡಿಲಲ್ಲಿ ಹೊಸ ಮರದ ಚೀಟಿಗಳು, ಸೀಸದ ಕಡ್ಡಿ, ಆಫೀಸಿನ ದಪ್ಪ ಪುಸ್ತಕ. ಪೊಲಿಡೋರ್ ಕೈಗಾಡಿಯಲ್ಲಿ ಹತ್ತು ಹತ್ತು ಕುಂಡ ತರುತ್ತಾನೆ, ಬರೆದಾದವನ್ನು ಒಯ್ಯುತ್ತಾನೆ. ಎಮೆರಾನ್ಸ್ ಬೇಲಿಯ ಆ ಕಡೆಯಿಂದ, ‘ಏನ್ರೀ ಅಂಗಡಿ ಇಟ್ಟಿದ್ದೀರಾ? ಒಂದು ಕಟ್ಟು ಮೂಲಂಗಿ ಕೊಡಿ’ ಅಂದಳು. ಯಜಮಾನನ ಕಾರು ಒಮ್ಮೆ ಹೊರಗೆ ಹೋಯಿತು. ಅವನು ನೇರವಾಗಿ ಮುಂದೆ ನೋಡುತ್ತಿದ್ದ. ರಸ್ತೆ ಅವನದಲ್ಲ.

ಚೀಟಿಯ ಒಂದು ಬದಿಗೆ ಲ್ಯಾಟಿನ್, ಪುಸ್ತಕ ನೋಡಿ ಅಕ್ಷರ ಅಕ್ಷರ ಇಳಿಸಿದೆ. ಇನ್ನೊಂದು ಬದಿಗೆ ಅಪ್ಪ ಹೇಳಿದ್ದು. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ.

ಐದನೇ ಗಾಡಿ ಬಂದು ಹೋಗುವವರೆಗೂ ಗಿಡದ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಆಮೇಲೆ ಅಪ್ಪ, ಕೈಯಲ್ಲಿದ್ದ ಕುಂಡವನ್ನೇ ನೋಡುತ್ತಾ ಹೇಳಿದ.

‘ನೀನು ಕೂಗಿದ್ದು ನನಗೆ ಕೇಳಿಸಿತ್ತು, ಸಿದೋ. ಚಾಪೆ ಒರಗಿಸಿದ್ದೀನಿ ಅಂದದ್ದು.’

ಸೀಸದ ಕಡ್ಡಿ ಕೆಳಗಿಟ್ಟೆ.

‘ಒಳಗೆ ಬಂದು ನೋಡ್ದೆ. ಹೊಗೆ ಆಡ್ತಿತ್ತು. ಒದ್ದೆ ಚಾಪೆಯಲ್ವಾ, ಆವಿ ಇರಬಹುದು ಅಂದ್ಕೊಂಡೆ. ಇದೊಂದು ಸಲಿಕೆ ಕಲ್ಲಿದ್ದಲು ಹಾಕಿ ತೆಗೀತೀನಿ ಅಂತ ತಿರುಗಿದೆ. ಒಂದು ಸಲಿಕೆ. ಆವಿಗೂ ಹೊಗೆಗೂ ವಾಸನೆ ಬೇರೆ. ಇಪ್ಪತ್ತಾರು ವರ್ಷ ಕಲ್ಲಿದ್ದಲು ಹಾಕಿದೋನಿಗೆ ಗೊತ್ತಾಗದೇ ಇರುತ್ತಾ?’

‘ಮತ್ತೆ ನಿದ್ದೆ ಹೋದೆ ಅಂದದ್ದು? ನನಗೋಸ್ಕರ ಅಲ್ವಾ?’

‘ನಿನಗೋಸ್ಕರಾನೂ,’ ಅಂದ. ‘ನಿದ್ದೆ ಹೋದೋನಿಗೆ ಬೈತಾರೆ ಅಷ್ಟೇ. ನೋಡ್ತಾ ಇದ್ದೋನಿಗೆ ಏನಂತಾರೆ?’

ಕೈಗಾಡಿಯ ಚಕ್ರದ ಸದ್ದು ಬಂತು. ಅಪ್ಪ ನನ್ನ ಮುಖ ನೋಡಿದ. ‘ಇದನ್ನ ಸಭೇಲಿ ಹೇಳ್ತೀಯಾ?’

‘ಇಲ್ಲ,’ ಅಂದೆ. ಯೋಚಿಸಲೇ ಇಲ್ಲ.

ಪೊಲಿಡೋರ್ ಮುಂದಿನ ಹತ್ತನ್ನು ಇಳಿಸಿದ. ಮೊದಲ ಕುಂಡವನ್ನು ಅಪ್ಪ ಎರಡು ಅಂಗೈಗಳ ನಡುವೆ ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ, ಮೂಸಿದ, ಕೆನ್ನೆಗೆ ಒತ್ತಿಕೊಂಡ. ಮತ್ತೆ ತಿರುಗಿಸಿದ.

‘ಇದು ಗೊತ್ತಾಗ್ತಿಲ್ಲ.’

‘ಸರಿಯಾಗಿ ನೋಡೋ,’ ಅಂದ ಪೊಲಿಡೋರ್.

‘ನೋಡ್ದೆ. ಗೊತ್ತಿಲ್ಲ.’

ಖಾಲಿ ಚೀಟಿಯನ್ನೇ ಕುಂಡಕ್ಕೆ ಸಿಕ್ಕಿಸಿದೆ. ಹೂ ಬಿಟ್ಟಾಗ ಗೊತ್ತಾಗುತ್ತಲ್ಲ, ಆಗ ಬರೀತೀನಿ, ಅಂದೆ.

‘ಅಜ್ಜಿಯಿಂದ ಎದ್ದ ಸಸಿ. ಹೂ ಬಿಡೋಕೆ ಮೂರು ವರ್ಷ ಬೇಕು,’ ಅಂದ ಪೊಲಿಡೋರ್. ‘ಹತ್ತೊಂಬೈನೂರ ಹದಿನಾರಕ್ಕೆ ಬಾ.’

ಬರ್ತೀನಿ ಅಂದೆ.